ಎಡಗಡೆಯ ಮುಂದಿನ ಚಕ್ರ

ಬಾಟಲಿಯ ಮುಚ್ಚಳ ಸೊಟ್ಟಗೆ ಕೂತಿದೆ, ತಿರುಗಿಸಿಲ್ಲ, ಸುಮ್ಮನೆ ಮೇಲಿಟ್ಟು ಹೋಗಿದ್ದಾಳೆ ಮಗಳು, ಪೇಸ್ಟಿನಿಂದ ಹಿಡಿದು ಉಪ್ಪಿನ ಡಬ್ಬದವರೆಗೆ ಇವಳು ಮುಟ್ಟಿದ ಒಂದು ಮುಚ್ಚಳವೂ ನೆಟ್ಟಗೆ ಕೂತದ್ದಿಲ್ಲ, ಈಜು ಕಲಿಸುವ ಟೀಚರಂತೆ, ಊರ ಮಕ್ಕಳನ್ನೆಲ್ಲ ನೀರಿಗಿಳಿಸಿ ಒಬ್ಬರ ಕೂದಲೂ ಕೊಂಕದಂತೆ ಮೇಲೆ ತರುತ್ತಾಳಂತೆ, ಒಂದು ಮುಚ್ಚಳ ಹಾಕಲು ಬರುವುದಿಲ್ಲ — ಕೆಂಪು ನೇಲ್ ಪಾಲಿಶ್, ಬಾಯಿಯ ಸುತ್ತ ಗಟ್ಟಿಕಟ್ಟಿದೆ, ಇದನ್ನು ನಾನು ಉಗುರಿಗೆ ಹಚ್ಚಿಕೊಂಡದ್ದು ಯಾವ ಕಾಲದಲ್ಲೋ, ಈಗ ಇದು ಶೆಡ್ಡಿನ ಸಾಮಾನು, ಗ್ರೀಸ್ ಡಬ್ಬದ ಪಕ್ಕ, ಪಾನಾಗಳ ಮುಂದೆ ಇದರ ಜಾಗ, ಕಣ್ಣು ಮುಚ್ಚಿ ತಡಕಿದರೂ ಸಿಗುತ್ತದೆ. ಗುಡಿಸಬೇಕು. ದೊರೆಸಾನಿ ಹೋದಳು, ಶೆಡ್ಡು ಬೋಳು ಬೋಳು, ದೊರೆಸಾನಿಯೆಂದು ನಾವು ಕರೆಯುವ ಆ ನೀಲಿ ಜರ್ಮನ್ ಕಾರು ಇಷ್ಟು ವರ್ಷ ನಿಂತ ಜಾಗದಲ್ಲಿ ತಟ್ಟೆಯಗಲದ ಒಂದು ಎಣ್ಣೆ ಕಲೆ, ನಿನ್ನೆ ಬಿಚ್ಚಿ ಎಸೆದ ಸವೆದ ಬ್ರೇಕ್ ಪ್ಯಾಡುಗಳು, ಮಂಡಿಯ ಕೆಳಗೆ ಹಾಕಿಕೊಂಡಿದ್ದ ರಟ್ಟು, ಬೆಳಿಗ್ಗೆ ಮಗಳು ಓಡಿಸಿಕೊಂಡು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂದಳಲ್ಲ, ಅಮ್ಮ, ನಿನ್ನೆ ನೀನು ಅಪ್ಪಂಗೆ ಸಕ್ಕರೆ ಕೊಡೋಕೆ ಒಳಗೆ ಹೋದ್ಯಲ್ಲ, ಅಷ್ಟರಲ್ಲಿ ನಾನೇ ಎಡಗಡೆ ಬೋಲ್ಟಿಗೆ ಬೊಟ್ಟಿಟ್ಟು ಮುಗಿಸಿಬಿಟ್ಟೆ, ನೀನು ಬರೋದು ಕಾದಿದ್ರೆ ಕತ್ತಲಾಗ್ತಿತ್ತು, ನಾನು ನಕ್ಕೆ, ಹುಷಾರು ಅಂದೆ, ಕೈ ಬೀಸಿದೆ, ಗೇಟು ಹಾಕಿಕೊಂಡು ಬಂದೆ, ಕಾಫಿ ಕುಡಿದೆ, ಈಗ ಪೊರಕೆ ಹಿಡಿದು ನಿಂತಾಗ ಆ ಮಾತು ತಿರುಗಿ ಕಿವಿಗೆ ಬೀಳುತ್ತಿದೆ. ನಾನು ಒಳಗೆ ಹೋದಾಗ ಬೊಟ್ಟಿಟ್ಟಳು. ಒಳಗೆ ಹೋಗುವ ಮುಂಚೆ ನಾನು ಆ ಬೋಲ್ಟುಗಳನ್ನು ಬಿಗಿ ಮಾಡಿದ್ದೆನೇ?

ಮಾಡಿರುತ್ತೇನೆ, ಮಾಡದೆ ಇರುತ್ತೇನೆಯೇ, ಬೊಟ್ಟು ಅಂದರೆ ಆಯ್ತು ಅಂತಲೇ ಅರ್ಥ, ಈ ಮನೆಯಲ್ಲಿ ಅದಕ್ಕೆ ಬೇರೆ ಅರ್ಥ ಯಾವತ್ತೂ ಇದ್ದಿಲ್ಲ, ಇವರು ತಂದ ಪದ್ಧತಿ, ಲಿಫ್ಟ್ ರಿಪೇರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಅಲ್ಲಿ ಒಬ್ಬ ಬಿಗಿ ಮಾಡಬೇಕು, ಇನ್ನೊಬ್ಬ ಗುರುತು ಹಾಕಬೇಕು, ಬಿಗಿ ಮಾಡಿದವನೇ ಗುರುತು ಹಾಕಿದರೆ ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ ಕಣೇ ಅನ್ನುತ್ತಾರೆ, ಮದುವೆಯಾದ ಹೊಸದರಲ್ಲಿ ನನಗೆ ನಗು ತಡೆಯುತ್ತಿರಲಿಲ್ಲ, ಒಂದು ಫ್ಯಾನ್ ತೂಗುಹಾಕಿದರೂ ನಾನು ಕೆಳಗೆ ಬಾಟಲಿ ಹಿಡಿದು ನಿಲ್ಲಬೇಕು, ಆಯ್ತಾ ಅಂತ ನಾನು ಕೇಳಬೇಕು, ಆಯ್ತು ಅಂತ ಇವರು ಹೇಳಬೇಕು, ಆಮೇಲೆಯೇ ಬೊಟ್ಟು, ನನ್ನಕ್ಕ ಅದನ್ನು ನೋಡಿ, ಫ್ಯಾನಿಗೆ ಮದುವೆ ಮಾಡ್ತಿದೀರಾ ಅಂದಿದ್ದಳು. ಕಾರು ಬಂದ ಮೇಲಂತೂ ಭಾನುವಾರವೆಲ್ಲ ಅದೇ ಮಾತು, ಆಯ್ತಾ, ಆಯ್ತು. ಹಲ್ಲಿನ ಡಾಕ್ಟರರ ಕಾರು, ಜನರ ಹಲ್ಲು ಕಿತ್ತು ತಂದದ್ದನ್ನೆಲ್ಲ ಇದು ನನ್ನಿಂದ ಕಿತ್ತುಕೊಳ್ತು ಕಣ್ರೀ ಅಂತ ಕೀಲಿ ಕೊಟ್ಟು ಹಿಂತಿರುಗಿಯೂ ನೋಡದೆ ಹೋದರು, ನೋಡಲು ಮನೆಮಂದಿ ಕೂರುವ ನಾಲ್ಕು ಬಾಗಿಲಿನ ಸಾಧು ಕಾರು, ಬಾನೆಟ್ಟಿನ ಕೆಳಗೆ ಸಾಲಾಗಿ ಆರು ಸಿಲಿಂಡರು, ಪೆಡಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ, ಆದರೆ ಒಂದು ರಿಪೇರಿ ಮುಗಿಯಿತೆಂದರೆ ಇನ್ನೊಂದು ತಲೆ ಎತ್ತಬೇಕು, ನೀರಿನ ಪ್ಲಾಸ್ಟಿಕ್ ಟ್ಯಾಂಕು ಬಿರುಕು ಬಿಟ್ಟಿತು, ಕಿಟಕಿಯ ಗಾಜು ಬಾಗಿಲೊಳಗೆ ಜಾರಿ ಬಿತ್ತು, ಇಂಜಿನ್ ಮೇಲಿನ ಗ್ಯಾಸ್ಕೆಟ್ ಒಣಗಿ ಎಣ್ಣೆ ಜಿನುಗಿ ಸುಟ್ಟ ವಾಸನೆ, ದೊರೆಸಾನಿಗೆ ಇವತ್ತೇನು ಬೇಕಂತೆ ಅಂತ ಇವರು ತೋಳು ಮಡಚಿ ಶೆಡ್ಡಿಗೆ ಹೊರಟರೆ ಹಿಂದೆ ನಾನು ಬಾಟಲಿ ಹಿಡಿದು, ಇವರ ಭುಜ ಹಿಡಿದುಕೊಂಡ ಮೇಲೆ ಪಾನಾ ನನ್ನ ಕೈಗೆ ಬಂತು, ಬಾಟಲಿ ಇವರ ಕೈಗೆ ಹೋಯಿತು, ಪದ್ಧತಿ ಮಾತ್ರ ಅದೇ. ಬೊಟ್ಟು ಅರ್ಧ ಬೋಲ್ಟಿನ ತಲೆಯ ಮೇಲೆ, ಅರ್ಧ ಪಕ್ಕದ ಕಬ್ಬಿಣದ ಮೇಲೆ ಬರಬೇಕು, ಬೋಲ್ಟು ಒಂದೆಳೆ ಅಲ್ಲಾಡಿದರೂ ಒಡೆದು ಎರಡಾಗುತ್ತದೆ, ದುಂಡಗಿದ್ದರೆ ಕ್ಷೇಮ. ನಿನ್ನೆ ಚಕ್ರ ಹಾಕುವಾಗ ನೋಡಿದ್ದೆ, ಮೇಲೊಂದು ಕೆಳಗೊಂದು, ಕೆಂಪಗೆ, ಹಸಿ ಹಸಿ, ಎಷ್ಟು ದುಂಡಗೆ ಇಟ್ಟಿದ್ದಾಳೆ ಹುಡುಗಿ ಅಂದುಕೊಂಡೆ. ದುಂಡಗಿತ್ತು. ದುಂಡಗಿದ್ದರೆ ಬೋಲ್ಟು ಅಲ್ಲಾಡಿಲ್ಲ ಎಂದಷ್ಟೇ, ಬಿಗಿಯಾಗಿದೆ ಎಂದಲ್ಲ, ಸಡಿಲವಾಗಿರುವ ಬೋಲ್ಟಿಗೆ ಬೊಟ್ಟಿಟ್ಟರೂ ಅದು ದುಂಡಗೇ ಇರುತ್ತದೆ.

ಗಾಬರಿ ಬೇಡ, ಮೊದಲಿಂದ ನೋಡೋಣ, ಹೊಲಿಗೆ ಎಲ್ಲಿ ತಪ್ಪಿತು ಅಂತ ನಾನು ಹೊಲಿದ ಪರದೆಯನ್ನು ತುದಿಯಿಂದ ತಿರುವಿ ನೋಡುವ ಹಾಗೆ. ಊಟವಾದ ಮೇಲೆ ಶುರುಮಾಡಿದ್ದು, ಮೊದಲು ಬಲಗಡೆ, ಜ್ಯಾಕ್ ಏರಿಸಿದೆ, ಸ್ಟ್ಯಾಂಡ್ ಕೊಟ್ಟೆ, ಚಕ್ರ ಬಿಚ್ಚಿದೆ, ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕಿನ ಹಿಡಿಕೆ — ಕ್ಯಾಲಿಪರ್ ಅನ್ನು ಅಮ್ಮ, ಹಿಡಿಕೆ ಅಂದ್ರೆ ಬಾಣಲೆ ನೆನಪಾಗುತ್ತೆ ಅಂತ ಮೀನು ನಕ್ಕಳು, ನೀರು ಕಂಡರೆ ಬಿಡದವಳು ಅಂತ ಚಿಕ್ಕಂದಿನಿಂದ ಅವಳು ನಮಗೆ ಮೀನು — ಕ್ಯಾಲಿಪರನ್ನು ಹಿಡಿದ ಎರಡು ದಪ್ಪ ಬೋಲ್ಟು, ಬಿಚ್ಚಿದೆ, ಡಿಸ್ಕು ಹೊಸದು, ಪ್ಯಾಡು ಹೊಸದು, ತಿರುಗಿ ಜೋಡಿಸಿದೆ, ಬೋಲ್ಟನ್ನು ಬೆರಳಿಂದ ತಿರುವಿ, ಗಿಡ್ಡ ಪಾನಾದಿಂದ ಕೂರಿಸಿ, ಆಮೇಲೆ ಟಕ್ ಪಾನಾ, ಹಿಡಿಯಲ್ಲಿ ಅಳತೆ ಕೊಟ್ಟರೆ ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುವ ಉದ್ದ ಪಾನಾ, ಟಕ್, ಕೈಯೊಳಗೇ ಗೊತ್ತಾಗುತ್ತದೆ, ಇನ್ನೊಂದು ಟಕ್, ಆಯ್ತಾ ಅಮ್ಮ ಅಂದಳು, ಆಯ್ತು ಅಂದೆ, ಬೊಟ್ಟಿಟ್ಟಳು, ಇದು ಚೆನ್ನಾಗಿ ನೆನಪಿದೆ, ಆ ಹೊತ್ತಿಗೆ ರಸ್ತೆಯಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಗಲಗಲ ಅಂತ ಹೋಯಿತು. ಎಡಗಡೆ. ರಟ್ಟು ಎಳೆದುಕೊಂಡೆ, ಬ್ರೇಕ್ ಕ್ಲೀನರಿನ ವಾಸನೆಗೆ ಸೀನಿದೆ, ಡಿಸ್ಕು ಅಂಟಿಕೊಂಡಿತ್ತು, ಸುತ್ತಿಗೆಯಲ್ಲಿ ಬಡಿದೆ, ಹೊಸದು ಕೂರಿಸಿದೆ, ಪ್ಯಾಡು, ಕ್ಯಾಲಿಪರ್, ಬೆರಳಿಂದ ಬೋಲ್ಟು, ಗಿಡ್ಡ ಪಾನಾ, ಮೇಲಿನದು, ಕೆಳಗಿನದು, ಬೆವರು ಒರೆಸಿಕೊಂಡೆ, ಟಕ್ ಪಾನಾಕ್ಕೆ ಕೈ ಚಾಚಿದೆ, ಬಾಗಿಲಲ್ಲಿ ನೆರಳು ಬಿತ್ತು, ಸಕ್ಕರೆ ಎಲ್ಲಿದೆ. ಕೈ ಚಾಚಿದೆ, ನೆರಳು ಬಿತ್ತು. ಕೈ ಚಾಚಿ, ತೆಗೆದುಕೊಂಡು, ಎರಡು ಸಲ ಟಕ್ ಅನ್ನಿಸಿ, ಆಮೇಲೆ ನೆರಳು ಬಿತ್ತೋ. ಪರದೆಯ ಕೊನೆಗೆ ಹಿಂದಕ್ಕೆರಡು ಹೊಲಿಗೆ ಹಾಕಿ ಬಿಗಿ ಮಾಡುವುದನ್ನು ನಾನು ಎಂದಾದರೂ ನೆನಪಿಟ್ಟುಕೊಂಡಿದ್ದೇನೆಯೇ, ಕೈ ತಾನೇ ಮಾಡುತ್ತದೆ, ಅದರಿಂದಲೇ ಈಗ ಕೇಳಿದರೆ ಕೈ ಬಾಯಿ ಬಿಡುವುದಿಲ್ಲ. ಟಕ್ ಪಾನಾ ಗೋಡೆಯ ಮೇಲೆ ಅದರ ಮೊಳೆಯಲ್ಲೇ ಇದೆ, ತೆಗೆದು ಅಳತೆ ನೋಡಿದೆ, ಚಕ್ರದ ಬೋಲ್ಟಿನ ಅಳತೆಗೆ ನಿಂತಿದೆ, ಚಕ್ರಕ್ಕೇ ಕೊನೆಗೆ ಬಳಸಿದ್ದು, ಅದಕ್ಕೂ ಮುಂಚಿನ ಸಂಗತಿ ಇದಕ್ಕೂ ಗೊತ್ತಿಲ್ಲ.

ಮಗಳಿಗೆ ಫೋನ್ ಮಾಡಿದೆ, ಸ್ವಿಚ್ ಆಫ್, ಇನ್ನೊಮ್ಮೆ ಮಾಡಿದೆ, ಅದೇ ಹೆಂಗಸು ಅದೇ ಮಾತು, ಗಾಡಿ ಓಡಿಸುವಾಗ ಫೋನ್ ಆಫ್ ಮಾಡಿ ಡಿಕ್ಕಿಯಲ್ಲಿಡು ಅಂತ ಕಲಿಸಿದವರು ಇವರೇ, ಅಪ್ಪ ಹೇಳಿದ್ದನ್ನು ಮಗಳು ಚಾಚೂ ತಪ್ಪದೆ ಮಾಡುವುದು ಇದೊಂದನ್ನೇ. ಎಲ್ಲಿಯವರೆಗೆ ಹೋಗಿರಬಹುದು, ಬಯಲಿನ ದಾರಿ ಇನ್ನೂ ಮುಗಿದಿರಲಿಕ್ಕಿಲ್ಲ, ಆಮೇಲೆ ಬೆಟ್ಟ, ಹತ್ತಬೇಕು, ಹತ್ತುವುದಕ್ಕೆ ಹೆದರಿಕೆಯಿಲ್ಲ, ಆಚೆ ಇಳಿಯಬೇಕು, ಅವಳ ಹೊಸ ಕೆಲಸದ ಊರು ಇಳಿಜಾರಿನ ಬುಡದಲ್ಲಿದೆ, ತಿರುವಿನ ಮೇಲೆ ತಿರುವು, ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯಬೇಕು, ಆ ಎರಡು ಬೋಲ್ಟು ಬಿಟ್ಟುಕೊಂಡರೆ ಕ್ಯಾಲಿಪರ್ ಚಕ್ರದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಪೈಪು ಹರಿದು ಬ್ರೇಕಿನ ಎಣ್ಣೆ ಎಲ್ಲ ರಸ್ತೆಗೆ, ನಾನು ಪೊರಕೆ ಯಾಕೆ ಇನ್ನೂ ಹಿಡಿದುಕೊಂಡಿದ್ದೇನೆ. ಅಂಗಳ ದಾಟಬೇಕು, ಅಡುಗೆಮನೆಯಲ್ಲಿ ಇವರಿದ್ದಾರೆ, ಇವರಿಗೆ ಹೇಳಬೇಕು, ಹೇಳುವುದು ಹೇಗೆ. ವಾರದಿಂದ ಮುಖ ಊದಿಸಿಕೊಂಡಿದ್ದವರು, ತಪ್ಪು ನನ್ನದೇ, ಬಸ್ಸಿನಲ್ಲಿ ಸಾಮಾನೆಲ್ಲ ಹೇಗೆ ಒಯ್ಯಲಿ ಅಂತ ಅವಳು ಅಂದದ್ದೇ ತಡ, ಕಾರು ತಗೊಂಡು ಹೋಗು ನಿನ್ನದೇ ಅನ್ಕೋ ಅಂತ ಅಂದುಬಿಟ್ಟೆ, ಒಂದು ಮಾತು ಇವರನ್ನು ಕೇಳಲಿಲ್ಲ, ಇವರು ಚಮಚ ಕೆಳಗಿಟ್ಟು ಕೇಳಿದರು, ಅಷ್ಟು ಹಳೇ ಗಾಡೀನ ಅವಳ ಕೈಲಿ ಬೆಟ್ಟ ಇಳಿಸ್ತೀಯಾ, ನಾನು ಅಂದೆ, ನೀವು ಇಳಿಸಿಲ್ವಾ, ನಾನು ಬೇರೆ ಅಂದರು, ಯಾಕೆ ನಿಮಗೇನು ಕೊಂಬಿದೆಯಾ ಅಂದೆ. ಅಷ್ಟೇ. ಅವತ್ತಿನಿಂದ ಬಾಯಿಗೆ ಬೀಗ, ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ, ಹೋಗಲಿ ಬಿಡು ಅಂತ ನಾನೂ ಸೊಂಟ ಕಟ್ಟಿದೆ, ಡಿಸ್ಕು ಪ್ಯಾಡು ತರಿಸಿದೆ, ನನ್ನ ಕೈಯಲ್ಲೇ ಹಾಕ್ತೀನಿ, ನಿಮ್ಮ ಬಾಟಲಿಯೂ ಬೇಡ, ಮಗಳು ಇದ್ದಾಳೆ ಬೊಟ್ಟಿಡೋಕೆ ಅಂದೆ. ಹೀಗೆಂದು ಜಂಬ ಕೊಚ್ಚಿದ್ದು ಈ ಬಾಯಿಯೇ.

ಇವರು ಇಸ್ತ್ರಿ ಮಾಡುತ್ತಿದ್ದಾರೆ, ಮೇಜಿನ ಮೇಲೆ ಕಂಬಳಿ ಹಾಸಿ, ಅಂಗಿಯ ಕಾಲರನ್ನು ಬೆರಳಿಂದ ಎಳೆದು ಎಳೆದು, ನಾನು ಬಾಗಿಲಲ್ಲಿ ನಿಂತೆ, ರೀ, ತಲೆ ಎತ್ತಲಿಲ್ಲ, ರೀ, ಎಡಗಡೆ ಮುಂದಿನ ಚಕ್ರ, ಆಗ ಎತ್ತಿದರು. ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ, ಅಳಲೂ ಇಲ್ಲ, ನೀವು ಸಕ್ಕರೆ ಕೇಳೋಕೆ ಬಂದಾಗ ಕ್ಯಾಲಿಪರ್ ಬೋಲ್ಟು ಎರಡೂ ಗಿಡ್ಡ ಪಾನಾದಲ್ಲಿ ಕೂರಿಸಿದ್ದೆ, ಟಕ್ ಪಾನಾ ಹಾಕಿದ್ನೋ ಇಲ್ವೋ ಗೊತ್ತಾಗ್ತಿಲ್ಲ, ನಾನು ಒಳಗಿದ್ದಾಗ ಅವಳು ಬೊಟ್ಟಿಟ್ಟಿದಾಳೆ, ಬೊಟ್ಟು ನೋಡಿ ನಾನು ಚಕ್ರ ಹಾಕಿಬಿಟ್ಟೆ. ಇವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು, ಸ್ವಿಚ್ ಆರಿಸಿದರು, ವೈರು ಕಿತ್ತರು, ಮನೆ ಬಿದ್ದುಹೋಗುತ್ತಿದ್ದರೂ ಇವರು ವೈರು ಕಿತ್ತೇ ಹೊರಗೆ ಓಡುವವರು, ಟಕ್ ಕೇಳಿಸಿದ್ದು ನೆನಪಿದ್ಯಾ, ಅಷ್ಟೇ ಕೇಳಿದ್ದು, ನಾನು ಅವತ್ತೇ ಹೇಳಿರಲಿಲ್ವಾ ಅನ್ನುತ್ತಾರೆ ಅಂತ ನಾನು ಮೈ ಬಿಗಿಹಿಡಿದಿದ್ದೆ, ಅದನ್ನು ಅನ್ನಲಿಲ್ಲ, ಕೇಳಿಸಿದ್ದು ನೆನಪಿದ್ಯಾ ಅಂತ ಇನ್ನೊಮ್ಮೆ, ಮೆಲ್ಲಗೆ, ನಾನು ಇಲ್ಲ ಅಂದೆ, ಬಲಗಡೇದು ನೆನಪಿದೆ, ಎಡಗಡೇದು ಇಲ್ಲ. ಇವರ ಮುಖ ನೋಡಲಾಗಲಿಲ್ಲ. ಕನ್ನಡಕ ಹುಡುಕಿದರು, ಹಣೆಯ ಮೇಲೇ ಇತ್ತು, ಕೆಳಗೆ ಎಳೆದುಕೊಂಡು ಫೋನಿನಲ್ಲಿ ಯಾವುದೋ ನಂಬರು ತೆಗೆದರು, ಬೆಟ್ಟದ ಬುಡದ ಪೆಟ್ರೋಲ್ ಪಂಪು, ಒಂದು ಸಲ ಅಲ್ಲೇ ನೀರಿನ ಪೈಪು ಒಡೆದು ದೊರೆಸಾನಿ ಕೈಕೊಟ್ಟಿದ್ದಳು, ಪಂಪಿನ ಯಜಮಾನರು ಅವತ್ತಿಡೀ ನಮಗೆ ಕುರ್ಚಿ ಹಾಕಿ ಕೂರಿಸಿದ್ದರು, ಅಂದಿನಿಂದ ಇವರು ಅಲ್ಲಿ ನಿಲ್ಲಿಸದೆ ಬೆಟ್ಟ ಹತ್ತಿದ್ದಿಲ್ಲ, ಮಗಳಿಗೂ ಹೇಳಿಕೊಟ್ಟಿದ್ದಾರೆ, ಪೆಟ್ರೋಲ್ ಬೇಕಾಗಲಿ ಬಿಡಲಿ ಅಲ್ಲಿ ನಿಲ್ಲಿಸು, ಬಾನೆಟ್ ತೆಗೆದು ನೋಡು, ಅವಳು ನಿಲ್ಲಿಸುತ್ತಾಳೋ ಇಲ್ಲವೋ, ಹೂಂ ಅಪ್ಪ ಅನ್ನುತ್ತಾಳೆ, ಹೂಂ ಅಂದದ್ದನ್ನೆಲ್ಲ ಮಾಡುವವಳಾಗಿದ್ದರೆ ಬಾಟಲಿಯ ಮುಚ್ಚಳ ನೆಟ್ಟಗಿರುತ್ತಿತ್ತು. ಯಜಮಾನ್ರೇ, ನಾನು, ನೀಲಿ ಜರ್ಮನ್ ಕಾರಿನವನು, ಹೌದು ಹೌದು ಲಿಫ್ಟಿನವನು, ಗಾಡಿ ಆ ಕಡೆ ಬಂತಾ, ಮಗಳು ಓಡಿಸ್ತಿದಾಳೆ, ಇನ್ನೂ ಬಂದಿಲ್ವಾ, ನೋಡಿ, ಅವಳು ನಿಲ್ಲಿಸ್ಲಿ ಬಿಡ್ಲಿ, ಬಂದ್ರೆ ರಸ್ತೆಗೆ ಅಡ್ಡ ನಿಂತು ತಡೀರಿ, ಬ್ರೇಕಿಂದು ತೊಂದರೆ ಇದೆ, ಸ್ವಲ್ಪ ದೂರದಿಂದಲೇ ಕೈ ತೋರಿಸಿ, ಗಾಡಿ ಹತ್ತಿರ ಬರೋವಾಗ ಪಕ್ಕಕ್ಕೆ ಸರೀರಿ. ಪಕ್ಕಕ್ಕೆ ಸರಿಯಿರಿ ಅಂದರು.

ಈಗ ಕಾಯುವುದು. ಇವರು ಒಂದು ಕುರ್ಚಿಯಲ್ಲಿ, ನಾನು ಒಂದು ಕುರ್ಚಿಯಲ್ಲಿ, ನಡುವೆ ಅರ್ಧ ಇಸ್ತ್ರಿಯಾದ ಅಂಗಿ, ಫೋನು ಅದರ ಮೇಲೆ, ಅಂಗಿ ಇನ್ನೂ ಬಿಸಿ ಇದೆ, ನಲ್ಲಿ ತೊಟ್ಟಿಕ್ಕುತ್ತಿದೆ, ವಾಷರು ಹೋಗಿದೆ, ಹಾಕಬೇಕು, ಬಂದಿಲ್ಲ ಅಂದರೆ ಇನ್ನೂ ದಾರಿಯಲ್ಲಿದ್ದಾಳೆ ಅಂತಲೋ, ದಾರಿಯಲ್ಲೇ ಎಲ್ಲೋ — ಬೇಡ, ಅತ್ತ ಹೋಗಬೇಡ ಮನಸ್ಸೇ, ಬೋಲ್ಟಿನ ಕಡೆ ನೋಡು. ಕೈ ಚಾಚಿದೆ, ಪಾನಾದ ಹಿಡಿ ತಣ್ಣಗಿತ್ತು, ತಣ್ಣಗಿತ್ತು ಅಂತ ನೆನಪಿದ್ದರೆ ಹಿಡಿದೆ ಅಂತಾಯಿತಲ್ಲ, ಹಿಡಿದಿದ್ದರೆ ಬಿಗಿ ಮಾಡಿರುತ್ತೇನೆ, ಆದರೆ ಆ ತಂಪು ಬಲಗಡೆಯದೂ ಇರಬಹುದು, ಆಮೇಲೆ ಚಕ್ರಕ್ಕೆ ಹಿಡಿದದ್ದೂ ಇರಬಹುದು, ಒಂದು ಮಧ್ಯಾಹ್ನದಲ್ಲಿ ಒಂದೇ ಪಾನಾವನ್ನು ಎಷ್ಟು ಸಲ ಹಿಡಿದೆ, ಎಲ್ಲ ಕಲಸಿ ಮುದ್ದೆಯಾಗಿದೆ, ನೆರಳು ಮಾತ್ರ ಸ್ಪಷ್ಟ, ಬಾಗಿಲಲ್ಲಿ ಇವರ ನೆರಳು, ಒಂದು ಭುಜ ಮೇಲೆ ಒಂದು ಭುಜ ಕೆಳಗೆ, ಸಕ್ಕರೆ ಎಲ್ಲಿದೆ, ವಾರದ ಮೇಲೆ ಮೊದಲ ಮಾತು, ನನಗೆ ಎಷ್ಟು ಖುಷಿಯಾಯಿತೆಂದರೆ ಕೈ ಕೂಡ ಒರೆಸದೆ ಎದ್ದೆ, ಎದ್ದದ್ದು ನೆನಪಿದೆ, ಸಕ್ಕರೆ ಡಬ್ಬ ಎಲ್ಲಿರುತ್ತದೋ ಅಲ್ಲೇ ಇತ್ತು, ಒಲೆಯ ಮೇಲಿನ ಹಲಗೆಯಲ್ಲಿ, ಇವರ ಮೂಗಿನ ಎದುರಿಗೆ, ದಿನಾ ಬೆಳಿಗ್ಗೆ ಕಾಫಿ ಮಾಡುವವರೇ ಇವರು, ಸಕ್ಕರೆ ಎಲ್ಲಿದೆಯೆಂದು ನನಗಿಂತ ಇವರಿಗೇ ಚೆನ್ನಾಗಿ ಗೊತ್ತು, ನಾನು ತೆಗೆದುಕೊಟ್ಟೆ, ಇವರು ತೆಗೆದುಕೊಂಡರು, ಇಬ್ಬರೂ ನಗಲಿಲ್ಲ, ಟೈರಿಗೆ ಗಾಳಿ ನೋಡಿದ್ಯಾ ಅಂದರು, ಇನ್ನೂ ಇಲ್ಲ ಅಂದೆ, ಬೆಳಿಗ್ಗೆ ನಾನು ನೋಡ್ತೀನಿ ಬಿಡು ಅಂದರು, ಅಬ್ಬ, ಮುಗಿಯಿತು, ಬೀಗ ಬಿಟ್ಟಿತು, ನಾನು ಹಾಡು ಗುನುಗಿಕೊಂಡು ಶೆಡ್ಡಿಗೆ ಬಂದೆ, ಮೀನು ಟೈರಿನ ಮೇಲೆ ಕೂತು ಕಾಲು ಚಾಚಿದ್ದಳು, ಏನಮ್ಮ ರಾಜಿಯಾಯ್ತಾ ಅಂದಳು, ಹೋಗೇ ಅಂದೆ, ಬೊಟ್ಟು ನೋಡಿದೆ, ಮೇಲೊಂದು ಕೆಳಗೊಂದು, ದುಂಡಗೆ, ಆಯ್ತಾ ಅಂತ ಯಾರೂ ಕೇಳಲಿಲ್ಲ, ಆಯ್ತು ಅಂತ ಯಾರೂ ಹೇಳಲಿಲ್ಲ, ಚಕ್ರ ಎತ್ತಿ ಕೂರಿಸಿದೆ. ಎಲ್ಲವೂ ಸರಿಹೋಯಿತೆಂಬ ಆ ಸಂತೋಷದಲ್ಲೇ ಕೂರಿಸಿದೆ. ಇವರು ನಲ್ಲಿಯ ಕಡೆ ನೋಡುತ್ತಿದ್ದಾರೆ, ನಾನು ನಿನ್ನೆ ಬರಬಾರದಿತ್ತು ಅನ್ನುತ್ತಾರೆ, ಸಕ್ಕರೆ ಅಲ್ಲೇ ಇತ್ತು ಕಣೇ, ನನಗೆ ಗೊತ್ತು ರೀ ಅಂದೆ, ಇವರ ಕೈ ಅಂಗಿಯ ಮೇಲಿತ್ತು, ನಾನು ನನ್ನ ಕೈಯನ್ನು ಅದರ ಮೇಲಿಟ್ಟೆ.

ಫೋನು. ಇವರದಲ್ಲ, ನನ್ನದು, ಸೆರಗಿನಲ್ಲಿ, ಮೀನು, ಅಮ್ಮ ಏನಾಯ್ತು, ಇಲ್ಲಿ ಪಂಪಿನವರು ರಸ್ತೆ ಮಧ್ಯೆ ಟವೆಲ್ ಬೀಸ್ತಾ ನಿಂತಿದ್ರು, ಅಪ್ಪ ಹೇಳಿದ್ರಂತೆ, ಅಯ್ಯೋ ನಾನು ಹೇಗೂ ನಿಲ್ಲಿಸ್ತಿದ್ದೆ, ಅವಳ ದನಿ, ನಗುವ ದನಿ, ಬದುಕಿದೆ, ಗಾಡಿ ಆಫ್ ಮಾಡಿದ್ಯಾ ಅಂದೆ, ಮಾಡ್ದೆ, ಕೀಲಿ ತೆಗಿ, ತೆಗೆದೆ ಅಮ್ಮ, ಏನು ಅಂತ ಹೇಳಬಾರದಾ, ಆಮೇಲೆ ಅವಳೇ ಅಂದಳು, ಒಂದು ವಿಷಯ, ಪೇಟೆ ದಾಟಿದ ಮೇಲೆ ಬ್ರೇಕ್ ಒತ್ತಿದಾಗೆಲ್ಲ ಮುಂದೆ ಎಡಗಡೆ ಒಂದು ಸದ್ದು ಬರ್ತಿದೆ, ಏನು ಸದ್ದು, ಟಕ್ ಅಂತ. ಟಕ್ ಅಂತ ಅಂದಳು. ಇಷ್ಟು ಹೊತ್ತಿನಿಂದ ನಾನು ಹುಡುಕುತ್ತಿರುವ ಸದ್ದು ಅವಳ ಕಾಲಡಿಯಲ್ಲಿ ಬರುತ್ತಿತ್ತಂತೆ. ಇವರು ಫೋನು ಕೈಗೆ ತೆಗೆದುಕೊಂಡರು, ಮಗಳೇ, ಕೀಲಿ ಒಂದು ಸಲ ಹಾಕಿ ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸು, ಇಂಜಿನ್ ಚಾಲೂ ಮಾಡಬೇಡ, ಭಾರ ಇರುತ್ತೆ, ಎರಡು ಕೈ ಹಾಕು, ಆಯ್ತಾ, ಈಗ ಕೆಳಗಿಳಿದು ಎಡಗಡೆ ಚಕ್ರದ ಹಿಂದೆ ಕೂತ್ಕೋ, ಫೋನು ಒಳಗೆ ಹಿಡಿದು ಲೈಟ್ ಹಾಕಿ ಫೋಟೊ ತೆಗಿ, ನಿನ್ನ ಬೊಟ್ಟು ಎಲ್ಲಿದೆಯೋ ಅಲ್ಲಿ, ಏನನ್ನೂ ಮುಟ್ಟಬೇಡ, ಬಿಸಿ ಇರುತ್ತೆ. ತೆಗೆದೆ ಅಪ್ಪ, ಕಳಿಸ್ತೀನಿ. ಇನ್ನೂ ಏನೋ ಅಂದು ಫೋನಿಟ್ಟಳು, ನನಗೆ ಕೇಳಿಸಲಿಲ್ಲ, ಫೋನು ಕೈಯಲ್ಲಿ ಗುಂಯ್‌ಗುಟ್ಟಿತು, ಫೋಟೊ ಮೊದಲು ಮಸುಕಾಗಿ ಬಂತು, ಆಮೇಲೆ ತಿಳಿಯಾಯಿತು, ಇವರು ಎರಡು ಬೆರಳಿಂದ ದೊಡ್ಡದು ಮಾಡಿದರು, ಹೊಸ ಡಿಸ್ಕಿನ ಅಂಚು ಕನ್ನಡಿಯಂತೆ ಹೊಳೆಯುತ್ತಿದೆ, ಮೇಲಿನ ಬೋಲ್ಟು ಮುಕ್ಕಾಲು ಹೊರಗೆ ಬಂದು ಸೊಟ್ಟಗೆ ನಿಂತಿದೆ, ಕೆಳಗೆ — ಇವರು ಉಸಿರು ಒಳಗೆಳೆದುಕೊಂಡರು, ಫೋನನ್ನು ನನ್ನ ಕೈಗಿಟ್ಟರು, ಅಲ್ಲೇ ಇರು ಮಗಳೇ ನಾವು ಬರ್ತಿದೀವಿ ಅಂತ ತಮ್ಮ ಫೋನಿನಲ್ಲಿ ಹೇಳುತ್ತಲೇ ಶೆಡ್ಡಿನ ಕಡೆ ಹೊರಟರು, ಡಬ್ಬಿಯಲ್ಲಿ ಬೋಲ್ಟು ಹುಡುಕುವ ಸದ್ದು ಬರುತ್ತಿದೆ, ಬಾರೇ ಅಂತ ಕರೆಯುತ್ತಿದ್ದಾರೆ, ಹೋಗಬೇಕು, ಚಪ್ಪಲಿ ಮೆಟ್ಟಬೇಕು, ಕಣ್ಣು ಅದನ್ನು ಬಿಟ್ಟು ಬರುತ್ತಿಲ್ಲ, ಕೆಳಗೆ ಬೋಲ್ಟಿಲ್ಲ, ಬೋಲ್ಟು ಎಲ್ಲೋ ರಸ್ತೆಯಲ್ಲಿ ಬಿದ್ದುಹೋಗಿದೆ, ಅದು ಇದ್ದ ಕಡೆ ದುಂಡಗೆ, ಕಪ್ಪಗೆ, ಖಾಲಿ ತೂತು, ತೂತಿನ ಅಂಚಿನಲ್ಲಿ ಅರ್ಧ ಬೊಟ್ಟು, ಕೆಂಪು, ಖಾಲಿ ತೂತು, ಅರ್ಧ ಬೊಟ್ಟು.